ಕಾಫಿ ತೋಟದ ತರಬೇತಿಗೆ ಯಾವ ಮಾದರಿ? ನಾಲ್ಕನ್ನು ಬಳಸಿ ನೋಡಿದವನ ಲೆಕ್ಕ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟಗಳಲ್ಲಿ ರೈಟರ್ (ತೋಟದ ಲೆಕ್ಕ, ಉಸ್ತುವಾರಿ ನೋಡುವವರು), ಮೇಸ್ತ್ರಿ, ಆಳುಗಳಿಗೆ ತರಬೇತಿ ಮಾಡಿಕೊಡುವುದು ನನ್ನ ಕಸುಬು. ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಬಿದ್ದ ಗಿಡ ಹುಡುಕುವುದು, ಚಿಗುರು ತೆಗೆಯುವುದು, ಹಣ್ಣು ಕೊಯ್ಯುವುದು, ಕಣದ ಕೆಲಸ ಇವೇ ವಿಷಯಗಳು. ತರಬೇತಿ ರೂಪಿಸುವ ಮಾದರಿಗಳಂತೂ ಬೇಕಾದಷ್ಟಿವೆ. ಅವುಗಳಲ್ಲಿ ನಾಲ್ಕನ್ನು ತೋಟದಲ್ಲೇ ಪ್ರಯೋಗಿಸಿದ್ದೇನೆ: ಆ್ಯಡಿ (ADDIE), ಸ್ಯಾಮ್ (SAM), ಹಿಮ್ಮುಖ ವಿನ್ಯಾಸ ಮತ್ತು ಟಿಡಬ್ಲ್ಯುಐನ (TWI, ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’) ನಾಲ್ಕು ಹೆಜ್ಜೆ. ಕೈಕೆಲಸ ಕಲಿಸುವುದಾದರೆ ಕೊನೆಯದಕ್ಕೇ ನನ್ನ ಓಟು. ಹಾಗಂತ ಉಳಿದವು ದಂಡ ಅಂತಲ್ಲ.

ಆ್ಯಡಿ ಎಲ್ಲರಿಗೂ ಗೊತ್ತಿರುವುದು. 1975ರ ಹೊತ್ತಿಗೆ ಅಮೆರಿಕದ ಸೇನೆಗಾಗಿ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕಟ್ಟಿದ ಕ್ರಮದಿಂದ ಬಂದದ್ದು. ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ ಅಂತ ಐದು ಹಂತ. ಸೇನೆಗೆ ಸರಿ, ಅಲ್ಲಿ ಕಾಗದ ಬರೆಯಲು ಜನ ಇದ್ದಾರೆ. ಬೋರರ್ ಜೀರುಂಡೆ ಹಾರಾಡುವುದು ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಐದೂ ಹಂತಕ್ಕೆ ದಾಖಲೆ ಬರೆಯುತ್ತಾ ಕೂತರೆ ಹುಳು ಮೊಟ್ಟೆಯಿಟ್ಟು ಹೋಗಿರುತ್ತದೆ.

ಆದರೆ ಅದರ ಮೊದಲ ಹಂತ ಮಾತ್ರ ಚಿನ್ನ. ಒಂದು ತೋಟದ ಯಜಮಾನರು, ಕೊಯ್ಲಲ್ಲಿ ಹಸಿ ಕಾಯಿ ಜಾಸ್ತಿ ಬರುತ್ತಿದೆ, ಆಳುಗಳಿಗೆ ಟ್ರೈನಿಂಗ್ ಕೊಡಿ ಅಂದರು. ಸಂಜೆ ತೂಕದ ಹೊತ್ತಿಗೆ ಹೋಗಿ ನಿಂತು, ಕೊಯ್ದ ಹೆಂಗಸರ ಮುಂದೆಯೇ ಒಂದು ಬುಟ್ಟಿ ಸುರಿದು, ಇದರಲ್ಲಿ ಕೊಯ್ಯಬಾರದಿದ್ದದ್ದು ಯಾವುದು ಅಕ್ಕ ಅಂದೆ. ಮಾತಾಡುತ್ತಲೇ ಹಸಿರು, ಅರೆಹಣ್ಣು, ಹಣ್ಣು ಅಂತ ಮೂರು ಗುಡ್ಡೆ ಮಾಡಿಟ್ಟರು. ಒಂದು ಕಾಯಿಯೂ ತಪ್ಪಿರಲಿಲ್ಲ. ಗೊತ್ತಿಲ್ಲದೆ ಕೊಯ್ದದ್ದಲ್ಲ, ಕೂಲಿ ಕೆಜಿ ಲೆಕ್ಕದಲ್ಲಿ, ಹಸಿ ಕಾಯಿಗೂ ತೂಕ ಇದೆಯಲ್ಲ! ಅದಕ್ಕೆ ಬೇಕಿದ್ದದ್ದು ತೂಕದ ಮುಂಚೆ ಹೆಕ್ಕಿಸುವ ಏರ್ಪಾಡು ಮತ್ತು ಹಣ್ಣಿಗೆ ಬೇರೆ ದರ, ಪಾಠವಲ್ಲ. ಹಾಗಂತ ಹೇಳಿದೆ, ನನ್ನ ಸಂಬಳವೂ ತಪ್ಪಿತು ಅನ್ನಿ.

ಸ್ಯಾಮ್ ಇದಕ್ಕೆ ಎದುರಾಳಿ. 2012ರಲ್ಲಿ ಮೈಕೆಲ್ ಅಲನ್ ಮುಂದಿಟ್ಟದ್ದು. ಒರಟಾಗಿ ಮಾಡು, ತೋರಿಸು, ತಿದ್ದು, ಮತ್ತೆ ತೋರಿಸು ಅನ್ನುವ ದಾರಿ. ಮೊಬೈಲ್ ವಿಡಿಯೋ ಮಾಡಲು ಇದಕ್ಕಿಂತ ಒಳ್ಳೆಯದು ಕಾಣೆ. ಅಸ್ಸಾಂನಿಂದ ಬಂದವರಿಗೆ ನಮ್ಮ ಕನ್ನಡ ಬಾರದು, ಹಾಗಾಗಿ ಮಾತಿಲ್ಲದ ವಿಡಿಯೋ ಬೇಕು. ಬೆಳಿಗ್ಗೆ ತೆಗೆದದ್ದನ್ನು ಸಂಜೆ ಆಳುಗಳಿರುವ ಲೈನ್ ಮನೆಯ ಜಗಲಿಯಲ್ಲೇ ತೋರಿಸಿದಾಗ, ಕತ್ತಿ ಹಿಡಿದ ಕೈ ಕಾಣುತ್ತಿಲ್ಲ ಅಂತ ಒಬ್ಬ ಹುಡುಗ ಕೈಸನ್ನೆಯಲ್ಲಿ ತೋರಿಸಿದ. ಆಫೀಸಲ್ಲಿ ಕೂತು ಎಷ್ಟು ನೋಡಿದರೂ ನನಗದು ಹೊಳೆಯುತ್ತಿರಲಿಲ್ಲ. ತೊಂದರೆ ಎರಡು. ಒರಟು ಪ್ರತಿ ನೋಡಿದ ಯಜಮಾನರು ‘ಇಷ್ಟೇನಾ?’ ಅನ್ನುತ್ತಾರೆ. ಮತ್ತೆ, ಕೊಯ್ಲಿನ ಕಾಲದಲ್ಲಿ ಎರಡನೇ ಸಲ ನೋಡಲು ಯಾರಿಗೂ ಪುರುಸೊತ್ತಿಲ್ಲ.

ಹಿಮ್ಮುಖ ವಿನ್ಯಾಸ ಶಾಲೆಗಳಿಗಾಗಿ ಹುಟ್ಟಿದ್ದು. ಗ್ರಾಂಟ್ ವಿಗ್ಗಿನ್ಸ್ ಮತ್ತು ಜೇ ಮೆಕ್‌ಟೈ 1998ರಲ್ಲಿ ಮಂಡಿಸಿದರು. ಕೊನೆಗೆ ಏನು ಬರಬೇಕು, ಬಂದದ್ದಕ್ಕೆ ಸಾಕ್ಷಿ ಏನು, ಆಮೇಲೆ ಪಾಠ. ಬೋರರ್‌ಗೆ ನಾನಿಟ್ಟ ಸಾಕ್ಷಿ ಹೀಗೆ: ತೋಟದ ಒಂದು ಭಾಗದ ಗಿಡಗಳನ್ನು ಮೇಸ್ತ್ರಿ ಮೊದಲೇ ನೋಡಿ, ಹುಳು ಬಿದ್ದವನ್ನು ಗುಟ್ಟಾಗಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಕಲಿತವರು ತಮಗೆ ಕಂಡ ಗಿಡಕ್ಕೆ ರಿಬ್ಬನ್ ಕಟ್ಟುತ್ತಾರೆ. ಎರಡನ್ನೂ ತಾಳೆ ನೋಡುವುದು, ಅಷ್ಟೇ. ಈ ಪರೀಕ್ಷೆ ನಿಕ್ಕಿಯಾದದ್ದೇ ತಡ, ಜೀರುಂಡೆಯ ಜೀವನಚಕ್ರದ ಸ್ಲೈಡುಗಳೆಲ್ಲ ಕಸದಬುಟ್ಟಿಗೆ ಹೋದವು. ಏನು ಬಿಡಬೇಕು ಅನ್ನುವುದನ್ನು ಈ ಮಾದರಿ ಚೆನ್ನಾಗಿ ಹೇಳುತ್ತದೆ. ಹೇಗೆ ಕಲಿಸಬೇಕು ಅನ್ನುವಲ್ಲಿ ಕೈಕೊಡುತ್ತದೆ.

ಅಲ್ಲಿ ಬರುವುದು ಟಿಡಬ್ಲ್ಯುಐ. 1940ರಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಯುದ್ಧದ ತಯಾರಿಗೆಂದು ಹೊಸಬರು ನುಗ್ಗಿದಾಗ ಸರ್ಕಾರ ಶುರು ಮಾಡಿದ ಯೋಜನೆ. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಬೇರೂರಿತು. ಕಲಿಯುವವರನ್ನು ಅಣಿಗೊಳಿಸು, ಮಾಡಿ ತೋರಿಸು, ಅವರಿಂದ ಮಾಡಿಸು, ಆಮೇಲೆ ಬಂದು ವಿಚಾರಿಸು. ಇದನ್ನೇನು ಹೊಸದಾಗಿ ಹೇಳುವುದು ಅನ್ನಿಸಬಹುದು. ಗಟ್ಟಿತನ ಇರುವುದು ಅದರ ಹಾಳೆಯಲ್ಲಿ: ಎಡಕ್ಕೆ ಮುಖ್ಯ ಹೆಜ್ಜೆ, ಬಲಕ್ಕೆ ಕೆಲಸ ಕೆಡದಂತೆ, ಪೆಟ್ಟಾಗದಂತೆ, ಸಲೀಸಾಗುವಂತೆ ಮಾಡುವ ಗುಟ್ಟು. ನಮ್ಮ ಬೋರರ್ ಹಾಳೆಯಲ್ಲಿ ‘ಕಾಂಡ ನೋಡು’ ಅನ್ನುವುದರ ಎದುರಿಗೆ ‘ಬುಡದಿಂದ ಮೇಲಕ್ಕೆ, ಸುತ್ತಲೂ, ಉಬ್ಬಿದ ಗೆರೆ ಕಣ್ಣಿಗೆ ಕಾಣದಿದ್ದರೆ ಅಂಗೈಯಾಡಿಸು’ ಅಂತಿದೆ. ‘ಸಾಲು ಹಿಡಿದು ನಡೆ’ ಅನ್ನುವುದರ ಎದುರಿಗೆ ‘ನೆರಳು ತೆಳುವಾದಲ್ಲಿ ನಿಧಾನ’. ಬಿಸಿಲು ಬೀಳುವ ಗಿಡವೇ ಹುಳುವಿಗೆ ಇಷ್ಟ ಅನ್ನುವ ವಿಜ್ಞಾನ ಆ ಮೂರು ಪದದಲ್ಲೇ ಅಡಗಿದೆ.

ಈ ಬಲಗಡೆಯ ಮಾತನ್ನು ಹೊರಡಿಸುವುದೇ ಕಷ್ಟ. ಹಳೇ ಮೇಸ್ತ್ರಿಗಳಿಗೆ ಎಲ್ಲ ಕೈಯಲ್ಲಿದೆ, ಬಾಯಲ್ಲಿಲ್ಲ. ‘ನೋಡಿದ್ರೆ ಗೊತ್ತಾಗುತ್ತಲ್ಲ ಸಾರ್’ ಅನ್ನುತ್ತಾರೆ. ಅವರ ಹಿಂದೆಯೇ ನಡೆದು, ಈ ಗಿಡದ ಹತ್ತಿರ ಯಾಕೆ ನಿಂತಿರಿ, ಆ ಗಿಡ ಯಾಕೆ ಬಿಟ್ಟಿರಿ ಅಂತ ಪೀಡಿಸಿದರೆ ಮಾತ್ರ ಹಾಳೆ ತುಂಬುತ್ತದೆ. ಮೂರನೇ ಹೆಜ್ಜೆಯಲ್ಲಿ ಕಲಿಯುವವರು ಕೆಲಸ ಮಾಡುತ್ತಾ ಗುಟ್ಟನ್ನೂ ಬಾಯಿಬಿಟ್ಟು ಹೇಳಬೇಕು, ನಾಚಿಕೊಂಡರೂ ಬಿಡಬೇಡಿ. ಕೊರತೆಯೂ ಇದೆ: ಒಬ್ಬಿಬ್ಬರಿಗಷ್ಟೇ ಒಮ್ಮೆಗೆ ಕಲಿಸಲು ಸಾಧ್ಯ. ಮಳೆ ನೋಡಿಕೊಂಡು ಯಾವತ್ತು ಸ್ಪ್ರೇ ಮಾಡಿಸಬೇಕು ಅನ್ನುವಂಥ ರೈಟರ್ ತೀರ್ಮಾನಗಳು ಈ ಹಾಳೆಗೆ ದಕ್ಕುವುದಿಲ್ಲ.

ಇನ್ನು ಶಿಕ್ಷಣ ಮನೋವಿಜ್ಞಾನಿ ರಾಬರ್ಟ್ ಗ್ಯಾನ್ಯೆ ಹೇಳಿದ ಪಾಠದ ಒಂಬತ್ತು ಘಟ್ಟ ತರಗತಿಗೆ ಸರಿ, ತೋಟದಲ್ಲಿ ನಾನು ಬಿಟ್ಟೆ. ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ಮೌಲ್ಯಮಾಪನದ ನಾಲ್ಕು ಮಟ್ಟಗಳಲ್ಲಿ ಮೊದಲನೆಯದು, ಅಂದರೆ ಕಲಿತವರ ಅಭಿಪ್ರಾಯ, ನಮ್ಮಲ್ಲಿ ಉಪಯೋಗಕ್ಕಿಲ್ಲ. ಮಧ್ಯಾಹ್ನ ಕೋಳಿ ಸಾರು ಹಾಕಿಸಿದ್ದರೆ ಎಲ್ಲರೂ ‘ಚೆನ್ನಾಗಿತ್ತು’ ಅಂತಲೇ ಬರೆಸುತ್ತಾರೆ. ಕೆಲಸದಲ್ಲಿ ಬದಲಾವಣೆ ಕಾಣುತ್ತಿದೆಯೇ ಅನ್ನುವ ಮೂರನೇ ಮಟ್ಟಕ್ಕೆ ಮತ್ತೆ ತೋಟ ಹತ್ತಲೇಬೇಕು. ವಿಷಯದ ಸರಿ-ತಪ್ಪಿಗೆ ಮಾತ್ರ ಅಂತರ್ಜಾಲದ ಮೊರೆ ಹೋಗದೆ, 1925ರಿಂದ ಇದೇ ಕೆಲಸದಲ್ಲಿರುವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿ.

ಈಗ ಬಂದಿರುವುದು ರೈಟರ್‌ಗಳಿಗೆ ಮೊಬೈಲಲ್ಲಿ ಹಾಜರಿ ಹಾಕುವುದನ್ನು ಕಲಿಸುವ ಕೆಲಸ. ಅದಕ್ಕೆ ಸ್ಯಾಮ್ ಹಿಡಿದಿದ್ದೇನೆ. ಆ ಆಪ್‌ನ ಬಟನ್ನುಗಳೇ ಪದೇಪದೇ ಜಾಗ ಬದಲಿಸುತ್ತಿರುವಾಗ ಎರಡು ಕಾಲಂ ಹಾಳೆ ಬರೆದು ಲ್ಯಾಮಿನೇಟ್ ಮಾಡಿಸುವುದು ದುಡ್ಡು ದಂಡ.