ಮಲೆನಾಡಿನ ಹಿತ್ತಿಲಿಗೆ ಯಾವ ಟೊಮೆಟೊ? ನನ್ನ ಮತ ಅರ್ಕಾ ರಕ್ಷಕ್‌ಗೆ

ಮೊದಲೇ ಹೇಳಿಬಿಡುತ್ತೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ಹಿತ್ತಿಲಲ್ಲಿ ಟೊಮೆಟೊ ಗಿಡ ಇಡಬೇಕು ಅಂತ ಯಾರು ಕೇಳಿದರೂ ನಾನು ಅರ್ಕಾ ರಕ್ಷಕ್ ಬೀಜ ತರಿಸಿ ಅಂತಲೇ ಹೇಳುವುದು. ರುಚಿಯಲ್ಲಿ ಅದಕ್ಕೆ ಮೊದಲ ಸ್ಥಾನ ಇಲ್ಲ. ಬೀಜವೂ ಅಗ್ಗ ಅಲ್ಲ. ಆದರೆ ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಅದು ಹಣ್ಣು ಕೊಡುವ ತನಕ ಬದುಕಿರುತ್ತದೆ. ಉಳಿದದ್ದೆಲ್ಲ ಆಮೇಲಿನ ಮಾತು.

2023ರ ಜುಲೈಯಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತಲ್ಲ, ಆಗ ನಮ್ಮ ಊರಲ್ಲೂ ಎಲ್ಲರಿಗೂ ಹಿತ್ತಿಲು ನೆನಪಾಯಿತು. ನಮ್ಮ ಮನೆಯಲ್ಲಿ ಅದಕ್ಕೂ ಮುಂಚಿನಿಂದ ಬೆಳೆಯುತ್ತಿದ್ದೆವು, ಆದರೆ ತಳಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆಮೇಲೆ ಹಠ ಹಿಡಿದು ಬೇರೆ ಬೇರೆ ಬಗೆಯನ್ನು ಒಂದೇ ಹಿತ್ತಿಲಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ. ಪೂಸಾ ರೂಬಿ, ಪೇಟೆಯ ನರ್ಸರಿಯಿಂದ ಟ್ರೇನಲ್ಲಿ ತಂದ ಕಂಪನಿ ಹೈಬ್ರಿಡ್ ಸಸಿ, ಅರ್ಕಾ ರಕ್ಷಕ್, ಜೊತೆಗೆ ಗೊಬ್ಬರಗುಂಡಿ ಪಕ್ಕ ತಾನಾಗಿ ಹುಟ್ಟುವ ಗೋಲಿ ಗಾತ್ರದ ಗೊಂಚಲು ಟೊಮೆಟೊ.

ಹಣ್ಣಿನ ಬಣ್ಣ, ತೂಕ, ಎಷ್ಟು ದಿನಕ್ಕೆ ಕೊಯ್ಲು ಎಂಬುದೆಲ್ಲ ಬೀಜದ ಪೊಟ್ಟಣದ ಮೇಲೇ ಇರುತ್ತದೆ. ನಾನು ಸೊರಗು ರೋಗದಿಂದ ಶುರು ಮಾಡುತ್ತೇನೆ. ಮಲೆನಾಡಿನಲ್ಲಿ ಟೊಮೆಟೊ ತಳಿಯನ್ನು ತೀರ್ಮಾನ ಮಾಡುವುದು ಅದೇ.

ಗಿಡ ಚೆನ್ನಾಗಿ ಎದ್ದಿರುತ್ತದೆ. ಹೂವು ಬಂದು ಪುಟ್ಟ ಕಾಯಿ ಕಚ್ಚಿರುತ್ತದೆ. ಒಂದು ಮಧ್ಯಾಹ್ನ ಕುಡಿ ಎಲೆಗಳು ಜೋತು ಬಿದ್ದಿರುತ್ತವೆ. ನೀರು ಸಾಲಲಿಲ್ಲವೇನೋ ಅಂತ ಅನ್ನಿಸುತ್ತದೆ. ಸಂಜೆ ಹೊತ್ತಿಗೆ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಾಣುತ್ತದೆ. ಮಾರನೆಯ ದಿನ ಇನ್ನೂ ಜಾಸ್ತಿ ಜೋಲುತ್ತದೆ. ಎಲೆ ಹಳದಿ ಆಗುವುದಿಲ್ಲ, ಚುಕ್ಕೆ ಬೀಳುವುದಿಲ್ಲ, ಹಸಿರಾಗಿದ್ದ ಹಾಗೇ ಇಡೀ ಗಿಡ ಬಾಡಿ ಮುಗಿದುಹೋಗುತ್ತದೆ. ಅಷ್ಟು ದಿನ ನೀರು ಹಾಕಿ, ಕಡ್ಡಿ ಕಟ್ಟಿ ಸಾಕಿದ ಗಿಡ ಅದು. ಕಾಯಿ ಬಲಿಯುವ ಮುಂಚೆ ಹೀಗಾದರೆ ಹೊಟ್ಟೆ ಉರಿಯುತ್ತದೆ.

ಇದು ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದ ಕೆಲಸ. ಖಚಿತ ಮಾಡಿಕೊಳ್ಳುವುದು ಸುಲಭ. ಬಾಡಿದ ಗಿಡದ ಬುಡದ ಹತ್ತಿರ ಕಾಂಡದ ಒಂದು ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಕತ್ತರಿಸಿದ ತುದಿ ತಾಗುವಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಬಣ್ಣದ ಎಳೆ ಕೆಳಗೆ ಇಳಿಯುತ್ತದೆ. ಅದು ಬಂದರೆ ಔಷಧಿ ಹುಡುಕಿಕೊಂಡು ಅಂಗಡಿಗೆ ಹೋಗಬೇಡಿ. ಆ ಗಿಡ ಉಳಿಯುವುದಿಲ್ಲ. ಬೇರಿನ ಮಣ್ಣಿನ ಸಮೇತ ಕಿತ್ತು ಹಿತ್ತಿಲಿಂದ ಆಚೆ ಹಾಕಿ. ಗೊಬ್ಬರಗುಂಡಿಗೆ ಮಾತ್ರ ಹಾಕಲೇಬೇಡಿ.

ನಮ್ಮ ಕಡೆಗೆ ಇದು ಯಾಕೆ ಇಷ್ಟು ಅಂದರೆ, ಇದಕ್ಕೆ ಬೇಕಾದ್ದೆಲ್ಲ ಇಲ್ಲಿದೆ. ಹುಳಿ ಮಣ್ಣು, ತೇವ, ಸೆಕೆ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲದಕ್ಕೂ ಇದೇ ರೋಗ ಬರುತ್ತದೆ. ಶುಂಠಿ ಬೆಳೆದವರಿಗಂತೂ ಸೊರಗು ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಅದು ನೀರಿನ ಜೊತೆ ಹರಿಯುತ್ತದೆ, ಗುದ್ದಲಿಗೆ ಅಂಟಿದ ಮಣ್ಣಿನಲ್ಲಿ ಹೋಗುತ್ತದೆ, ಬೇರಿಗೆ ಆದ ಗಾಯದಲ್ಲಿ ಒಳಗೆ ಸೇರುತ್ತದೆ. ನಮ್ಮದೆಲ್ಲ ಇಳಿಜಾರಿನ ಜಾಗ. ಮೇಲಿನ ಮಡಿಯಲ್ಲಿ ಬದನೆ ಬಾಡಿದರೆ ಕೆಳಗಿನ ಮಡಿಯ ಟೊಮೆಟೊಗೂ ಅದೇ ನೀರು ಇಳಿಯುತ್ತದೆ, ಅಲ್ವಾ? ಹಾಗಾಗಿ ಮೇಲಿನ ಮಡಿಯಲ್ಲಿ ಬದನೆ, ಮೆಣಸಿನಕಾಯಿ ಇಡುವುದನ್ನು ನಾವು ನಿಲ್ಲಿಸಿದ್ದೇವೆ. ಅಲ್ಲಿ ಈಗ ಬಸಳೆ ಇದೆ, ಅಲಸಂದೆ ಇದೆ. ಟೊಮೆಟೊ ನೆಟ್ಟ ಮೇಲೆ ಬುಡ ಕೆದಕುವುದಿಲ್ಲ, ದರಗು, ಅಂದರೆ ಒಣ ಎಲೆ, ಮುಚ್ಚಿಗೆ ಹಾಕಿ ಬಿಡುತ್ತೇವೆ. ನೆಡುವ ಕೆಲವು ವಾರ ಮುಂಚೆ ಮಡಿಗೆ ಸುಣ್ಣ ಬೀಳುತ್ತದೆ.

ಇಷ್ಟೆಲ್ಲ ಮಾಡಿದರೂ ತಳಿಯಲ್ಲಿ ಶಕ್ತಿ ಇಲ್ಲದಿದ್ದರೆ ಗಿಡ ಉಳಿಯಲ್ಲ. ಕಂಪನಿ ಹೈಬ್ರಿಡ್ ಸಸಿಗಳಲ್ಲಿ ಅದೇ ಆಯಿತು. ಎರಡು ಅಡಿ ಎತ್ತರಕ್ಕೆ ಬಂದು, ಗೊಂಚಲು ಗೊಂಚಲು ಕಾಯಿ ಹಿಡಿದು, ಒಂದರ ಹಿಂದೆ ಒಂದು ಬಾಡಿದವು. ನರ್ಸರಿಯವರು ‘ರೋಗ ಬರಲ್ಲ’ ಅಂತ ಹೇಳಿ ಕೊಟ್ಟಿದ್ದರು. ಯಾವ ರೋಗ ಅಂತ ವಿಚಾರಿಸಿದರೆ ಅವರು ಹೇಳಿದ್ದು ಎಲೆ ಮುಟುರು ರೋಗ. ಬಿಳಿ ನೊಣದಿಂದ ಹರಡುವ ವೈರಸ್ ಅದು. ಕೋಲಾರ, ಚಿಕ್ಕಬಳ್ಳಾಪುರದ ಬಯಲಲ್ಲಿ ಬೇಸಿಗೆ ಬೆಳೆಗೆ ಅದು ದೊಡ್ಡ ತಲೆನೋವು, ಅದಕ್ಕೆ ತಡೆಯುವ ತಳಿ ಅಲ್ಲಿಯವರಿಗೆ ಬೇಕೇ ಬೇಕು. ಆದರೆ ಇಲ್ಲಿ ನನ್ನ ಗಿಡ ಸಾಯುವುದು ಬೇರಿನಿಂದ. ಎಲೆಯ ರೋಗ ತಡೆದುಕೊಂಡು ನನಗೇನು ಲಾಭ? ಸಸಿ ಕೊಳ್ಳುವಾಗ ‘ಸೊರಗು ರೋಗ ತಡೆಯುತ್ತದಾ’ ಅಂತ ಹೆಸರು ಹಿಡಿದೇ ಕೇಳಿ. ಸುಮ್ನೆ ‘ರೋಗ ಬರಲ್ಲ’ ಅನ್ನುವ ಮಾತಿಗೆ ದುಡ್ಡು ಕೊಡಬೇಡಿ.

ಪೂಸಾ ರೂಬಿಯ ಬಗ್ಗೆ ಬೇಜಾರಿನಿಂದಲೇ ಬರೆಯಬೇಕು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಹಳೆಯ ತಳಿ. ಚಪ್ಪಟೆ, ಸ್ವಲ್ಪ ಗೆರೆಗೆರೆ ಇರುವ ಹಣ್ಣು, ತೆಳು ಸಿಪ್ಪೆ, ತುಂಬಾ ರಸ, ಒಳ್ಳೆಯ ಹುಳಿ. ಸಾರಿಗೆ ಹಾಕಿದರೆ ಕರಗಿಹೋಗುತ್ತದೆ. ಗೊಜ್ಜಿಗೂ ಅದೇ ಚೆಂದ. ಬೀಜ ನಾವೇ ಮಾಡಿಕೊಳ್ಳಬಹುದು. ಸಿಕ್ಕಷ್ಟು ಹಣ್ಣನ್ನು ನಾವೆಲ್ಲ ಆಸೆಪಟ್ಟು ತಿಂದೆವು. ಆದರೆ ಸಿಕ್ಕಿದ್ದು ಕಡಿಮೆ. ಅರ್ಧಕ್ಕಿಂತ ಜಾಸ್ತಿ ಗಿಡ ಸೊರಗಿಗೆ ಹೋದವು. ಹೊಸ ಮಣ್ಣು ತುಂಬಿದ ಚೀಲದಲ್ಲಿ ಇಟ್ಟರೆ ಬರುತ್ತದೆ. ಚೀಲಕ್ಕೆ ದಿನಾ ನೀರು ಹಾಕುವ ತಾಳ್ಮೆ ಇರುವವರಿಗೆ ಅದು ಒಳ್ಳೆಯ ದಾರಿ. ಅಡಿಕೆ ಕೊಯ್ಲಿನ ಸಮಯದಲ್ಲಿ ನಮಗೆ ಆ ಬಿಡುವು ಇರುವುದಿಲ್ಲ. ನೀರು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆದರೆ ಹಣ್ಣಿನ ತುದಿ ಕಪ್ಪಾಗಿ ಕೊಳೆಯುತ್ತದೆ, ಇಲ್ಲದಿದ್ದರೆ ಸಿಪ್ಪೆ ಒಡೆಯುತ್ತದೆ.

ಈಗ ಅರ್ಕಾ ರಕ್ಷಕ್. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್ ಇದು. ಎಲೆ ಮುಟುರು, ಸೊರಗು, ಮುಂಚೆ ಬರುವ ಅಂಗಮಾರಿ (ಎಲೆ ಸುಟ್ಟಂತಾಗುವ ರೋಗ), ಮೂರಕ್ಕೂ ತಡೆದುಕೊಳ್ಳುವ ಗುಣ ಒಂದರಲ್ಲೇ ಸೇರಿಸಿದ್ದಾರೆ. ನನಗೆ ಮುಖ್ಯವಾದದ್ದು ನಡುವಿನದು. ಪೂಸಾ ರೂಬಿ ಬಾಡಿಹೋದ ಅದೇ ಸಾಲಿನಲ್ಲಿ ಇದು ನಿಂತಿತು. ಎಲ್ಲ ಗಿಡವೂ ಉಳಿಯಿತು ಅಂತ ಅಲ್ಲ. ನೀರು ಬಸಿದು ಹೋಗದ ಕೆಳಮೂಲೆಯಲ್ಲಿ ಇದೂ ಸತ್ತಿದೆ. ತಡೆಯುವ ಶಕ್ತಿ ಇದೆ ಅಂದರೆ ರೋಗ ತಾಗುವುದೇ ಇಲ್ಲ ಅಂತ ಅರ್ಥ ಅಲ್ಲವಲ್ಲ. ಮಡಿಯನ್ನು ಒಂದು ಗೇಣು ಏರಿಸಿ ನೆಟ್ಟ ಮೇಲೆ ಆ ತೊಂದರೆಯೂ ತಗ್ಗಿತು.

ಸಂಸ್ಥೆಯವರು ಗಿಡಕ್ಕೆ 18 ಕೆಜಿ ಇಳುವರಿ ಹೇಳುತ್ತಾರೆ. ಅದು ಹೊಲದಲ್ಲಿ, ಡ್ರಿಪ್‌ನಲ್ಲಿ ಗೊಬ್ಬರ ಕೊಟ್ಟು ಬೆಳೆದವರ ಲೆಕ್ಕ. ಕೊಟ್ಟಿಗೆ ಗೊಬ್ಬರದ ಹಿತ್ತಿಲಿಗೆ ಅದನ್ನು ಹೋಲಿಸುವುದು ಬೇಡ. ನಮ್ಮ ಮನೆ ಅಡುಗೆಗೆ ಸಾಕಾಗಿ ಪಕ್ಕದ ಮನೆಗೂ ಕೊಡುವಷ್ಟು ಬರುತ್ತದೆ, ನನಗೆ ಅಷ್ಟು ಸಾಕು. ಹಣ್ಣು ಗಟ್ಟಿ, ಫ್ರಿಜ್ ಇಲ್ಲದೆಯೂ ವಾರದ ಮೇಲೆ ಕೆಡದೆ ಇರುತ್ತದೆ. ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದ ಊರಿನಲ್ಲಿ ಇದು ಸಣ್ಣ ಗುಣ ಅಲ್ಲ.

ಗಟ್ಟಿ ಇರುವುದರ ಇನ್ನೊಂದು ಮುಖ ಅಡುಗೆಮನೆಯಲ್ಲಿ ಗೊತ್ತಾಗುತ್ತದೆ. ಹುಳಿ ಕಡಿಮೆ, ಬೇಯಲು ಹೊತ್ತು ಬೇಕು. ‘ಮಾರಾಯ್ತಿ, ಇದ್ರಲ್ಲಿ ಹುಳಿಯೇ ಇಲ್ವಲ್ಲೇ’ ಅಂತ ಅತ್ತೆ ಈಗಲೂ ಹೇಳುತ್ತಾರೆ. ಅವರು ಹೇಳುವುದು ನಿಜ. ಸಾರಿಗೆ ಒಂದು ಚೂರು ವಾಟೆಹುಳಿ ಸೇರಿಸುತ್ತಾರೆ, ಸರಿಹೋಗುತ್ತದೆ. ಟೊಮೆಟೊ ಬರುವ ಮುಂಚೆಯೂ ನಮ್ಮವರ ಸಾರಿನಲ್ಲಿ ಹುಳಿಗೆ ಬರ ಇರಲಿಲ್ಲ. ಪಲ್ಯಕ್ಕೆ, ಪಲಾವ್‌ಗೆ, ಹೋಳು ಮಾಡಿ ಹಸಿಯಾಗಿ ತಿನ್ನಲು ಮಾತ್ರ ಇದೇ ಚೆನ್ನ.

ಗೋಲಿ ಟೊಮೆಟೊಗೆ ಬೀಜ, ಆರೈಕೆ, ಖರ್ಚು ಒಂದೂ ಬೇಕಾಗಿಲ್ಲ. ನಮ್ಮಲ್ಲಿ ಅದು ಸೊರಗಿದ್ದು ನಾನು ನೋಡಿಲ್ಲ. ಚಟ್ನಿಗೆ ಅದರ ಹುಳಿಯನ್ನು ಮೀರಿಸುವುದು ಯಾವುದೂ ಇಲ್ಲ. ಕೊಯ್ಯುವುದು ಮಾತ್ರ ಬೇಸರದ ಕೆಲಸ. ಒಂದು ಬಟ್ಟಲು ತುಂಬಲು ಎಷ್ಟು ಬಗ್ಗಬೇಕು! ಮಕ್ಕಳಿರುವ ಮನೆಯಾದರೆ ಕೊಯ್ಲಿನ ಚಿಂತೆಯೇ ಇಲ್ಲ, ಒಳಗೆ ಬರುವ ಮುಂಚೆ ಹೊಟ್ಟೆಗೆ ಹೋಗಿರುತ್ತದೆ.

ಮಂಗಗಳ ವಿಷಯದಲ್ಲಿ ಯಾವ ತಳಿಯೂ ಮೇಲಲ್ಲ. ಹಣ್ಣು ಕೆಂಪಾಗಲು ಬಿಡಬೇಡಿ, ಬಣ್ಣ ತಿರುಗಿದ ಕೂಡಲೇ ಕೊಯ್ದು ಒಳಗೆ ಹಣ್ಣು ಮಾಡಿ. ಗಟ್ಟಿ ಹಣ್ಣಿನ ರಕ್ಷಕ್ ಇದಕ್ಕೂ ಒಗ್ಗುತ್ತದೆ.

ಮಳೆಗಾಲದಲ್ಲಿ ಬಯಲಲ್ಲಿ ನೆಡುವ ಯೋಚನೆ ಬಿಟ್ಟುಬಿಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಅದರ ಸುತ್ತಲಿನ ನಮಗೂ ಕಡಿಮೆ ಇಲ್ಲ. ಆ ಥಂಡಿಯಲ್ಲಿ ಬರುವುದು ಇನ್ನೊಂದು ಬಗೆಯ, ತಡವಾಗಿ ಬರುವ ಅಂಗಮಾರಿ. ಅದಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಅಡಿಕೆಯ ಕೊಳೆರೋಗ ತರುವ ಬಳಗದ್ದೇ. ತೋಟಕ್ಕೆ ಮಾಡುವ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ಅದನ್ನೇ ರೋಗ ಬರುವ ಮುಂಚೆ ಟೊಮೆಟೊಗೂ ಹೊಡೆಯಬಹುದು. ಆದರೆ ಎಡೆಬಿಡದ ಮಳೆಯಲ್ಲಿ ಎಷ್ಟು ಸಲ ಹೊಡೆಯುತ್ತೀರಿ? ಮಳೆಗಾಲಕ್ಕೂ ಹಣ್ಣು ಬೇಕೇ ಬೇಕು ಅನ್ನುವವರು ಪ್ಲಾಸ್ಟಿಕ್ ಶೀಟಿನ ಕೆಳಗೆ ಅರ್ಕಾ ಅಭೇದ್ ಇಡಲಿ. ಅದೂ ಹೆಸರಘಟ್ಟದ್ದೇ, ತಡವಾಗಿ ಬರುವ ಈ ಅಂಗಮಾರಿಗೂ ತಡೆ ಇರುವ ತಳಿ.

ದುಡ್ಡಿನ ಮಾತು ಬಂದರೆ ರಕ್ಷಕ್ ಸೋಲುತ್ತದೆ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಹಾಕಿದರೆ ಮರಿಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ, ರೋಗ ತಡೆಯುವ ಗುಣವೂ ಎಲ್ಲದರಲ್ಲಿ ಇರುವುದಿಲ್ಲ. ಪ್ರತಿ ಸಲ ಬೀಜ ಕೊಳ್ಳಲೇಬೇಕು. ನಾವು ಅಕ್ಕಪಕ್ಕದ ಮನೆಯವರು ಸೇರಿ ಒಂದೇ ಪೊಟ್ಟಣ ತರಿಸಿ ಹಂಚಿಕೊಳ್ಳುತ್ತೇವೆ. ಒಂದು ಮನೆಗೆ ಪೂರ್ತಿ ಪೊಟ್ಟಣ ಬೇಕಾಗುವುದೂ ಇಲ್ಲ. ಬೀಜ ಮನೆಯಲ್ಲೇ ಉಳಿಸಿಕೊಳ್ಳುವ ಅಭ್ಯಾಸ ಇರುವವರಿಗೆ ಅದೇ ಸಂಸ್ಥೆಯ ಅರ್ಕಾ ಆಭಾ, ಅರ್ಕಾ ಆಲೋಕ್ ಇವೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಇವೆ. ಇವು ಹೈಬ್ರಿಡ್ ಅಲ್ಲ, ಸೊರಗು ರೋಗಕ್ಕೆ ಅಂತಲೇ ಆರಿಸಿದವು. ಕೇರಳದ ಮಣ್ಣೂ ಮಳೆಯೂ ನಮ್ಮದಕ್ಕೆ ಹತ್ತಿರ, ಹಾಗಾಗಿ ಅನಘದ ಮೇಲೆ ನನಗೂ ಕಣ್ಣಿದೆ.

ನಮ್ಮ ಮನೆಯಲ್ಲಿ ಈಗ ನಡೆಯುವುದು ಹೀಗೆ. ನವರಾತ್ರಿ ಶುರುವಾದಾಗ ರಕ್ಷಕ್ ಬೀಜ ಟ್ರೇಗೆ ಬೀಳುತ್ತದೆ, ದೀಪಾವಳಿ ಹೊತ್ತಿಗೆ ಸಸಿ ಮಡಿಗೆ ಹೋಗುತ್ತದೆ. ಅಂಗಳದಲ್ಲಿ ಅಡಿಕೆ ಒಣಗುವುದರಿಂದ ಟೊಮೆಟೊಗೆ ಹಿತ್ತಿಲ ಬಿಸಿಲಿನ ಅಂಚೇ ಜಾಗ. ಆಧಾರಕ್ಕೆ ಅಡಿಕೆ ದಬ್ಬೆ, ಕಟ್ಟಲು ಬಾಳೆನಾರು. ಅತ್ತೆಯ ಸಾರಿಗೆಂದು ಬಚ್ಚಲ ಹತ್ತಿರ ಪೂಸಾ ರೂಬಿಯ ಎರಡು ಚೀಲ, ಅದಕ್ಕೆ ನೀರು ಹಾಕುವುದು ಅವರೇ. ನರ್ಸರಿಯ ಟ್ರೇ ಸಸಿಗೆ ಮತ್ತೆ ದುಡ್ಡು ಹಾಕುವುದಿಲ್ಲ.