ಓಪನ್‌ಎಸ್‌ಎಸ್‌ಎಲ್: ಪ್ರಮಾಣಪತ್ರದ ಹೆಸರುಗಳ ಹೋಲಿಕೆ

ಜಾಲತಾಣದಂಥವುಗಳ ಗುರುತನ್ನು ದೃಢಪಡಿಸುವ ಡಿಜಿಟಲ್ ಪ್ರಮಾಣಪತ್ರವನ್ನು ನೀಡಿದವರ ಹೆಸರು ಒಂದು ಕಡೆ ಪ್ರಿಂಟೆಬಲ್‌ಸ್ಟ್ರಿಂಗ್ (ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಷ್ಟೇ ಇರುವ ಪಠ್ಯದ ಬಗೆ) ಆಗಿ, ಇನ್ನೊಂದು ಕಡೆ ಯುಟಿಎಫ್8ಸ್ಟ್ರಿಂಗ್ (ಎಲ್ಲ ಭಾಷೆಗಳ ಅಕ್ಷರಗಳನ್ನೂ ಯುಟಿಎಫ್-8 ಸಂಕೇತಕ್ರಮದಲ್ಲಿ ಇಡುವ ಬಗೆ) ಆಗಿ ದಾಖಲಾಗಿದ್ದರೂ, ಸುರಕ್ಷಿತ ಸಂಪರ್ಕಕ್ಕೆ ಬಳಸುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್ ಅವೆರಡನ್ನೂ ಒಂದೇ ಎಂದು ಗುರುತಿಸುತ್ತದೆ. ಹೋಲಿಸುವ ಮೊದಲು ಅದು ಹೆಸರನ್ನು ಯುಟಿಎಫ್-8ಕ್ಕೆ ತಂದು, ಅಂಚಿನ ಖಾಲಿ ಜಾಗಗಳನ್ನು ತೆಗೆದು, ನಡುವಿನವನ್ನು ಒಂದಕ್ಕೆ ಇಳಿಸಿ, ಆಸ್ಕಿ (ಮೂಲ ಇಂಗ್ಲಿಷ್) ದೊಡ್ಡಕ್ಷರಗಳನ್ನು ಚಿಕ್ಕವಾಗಿಸುತ್ತದೆ. ಇಂಗ್ಲಿಷ್ ಹೆಸರುಗಳಿಗೆ ಇದು ಸಾಕು. ನಿಜಕ್ಕೂ ಅಚ್ಚುಕಟ್ಟಾದ ಕೆಲಸ.

ಕನ್ನಡಕ್ಕೆ ಸಾಲದು. ‘ಕೊಡಗು’ ಎಂಬಲ್ಲಿನ ಒಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ಆಗಿ ಕಾಣುವ ಇವೆರಡನ್ನೂ ತಂತ್ರಾಂಶ ಬೇರೆ ಬೇರೆ ಹೆಸರುಗಳೆಂದೇ ಎಣಿಸುತ್ತದೆ. ಇಂಥ ಪ್ರಮಾಣಪತ್ರಗಳ ಮಾನದಂಡವಾದ 2008ರ ಆರ್‌ಎಫ್‌ಸಿ 5280 ಹೋಲಿಕೆಗೆ ಮುನ್ನ ಯುನಿಕೋಡ್ ಸಾಮಾನ್ಯೀಕರಣವನ್ನು (ಒಂದೇ ಅಕ್ಷರದ ಬೇರೆ ಬೇರೆ ಬರಹಗಳನ್ನು ಒಂದೇ ರೂಪಕ್ಕೆ ತರುವುದನ್ನು) ಬಯಸುತ್ತದೆ, ಆದರೆ ಇಲ್ಲಿ ಅದು ನಡೆಯುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಹೆಸರು ಬರೆಯುವವರು ಅದನ್ನು ಮೊದಲೇ, ಜೋಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಳ್ಳಬೇಕು.