ಹಳೆಯ ಚಿತ್ರಕಾರ್ಡು ಕೊಳ್ಳುವ ಮುನ್ನ ಹಿಂಬದಿ ನೋಡಿ

ಬೇಲೂರು, ಹಳೇಬೀಡಿನ ಹಳೆಯ ಪೋಸ್ಟ್‌ಕಾರ್ಡುಗಳಿಗಾಗಿ ಹುಡುಕಾಡುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ವರ್ಷ ಶಿವರಾತ್ರಿ ಮುಗಿದ ಮರುವಾರ ನಾನು ಮೋಸ ಹೋದೆ. ಆರು ಸಾವಿರ ರೂಪಾಯಿಯ ಜೊತೆಗೆ ನನ್ನ ಅಜ್ಜನ ಮೂರು ಕಾರ್ಡುಗಳೂ ಕೈಬಿಟ್ಟವು.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಪರಿಚಯದವರಿಂದ ನನ್ನ ನಂಬರು ಪಡೆದ ವ್ಯಾಪಾರಿಯೊಬ್ಬ ಹಾಸನದ ಲಾಡ್ಜೊಂದಕ್ಕೆ ಬರಹೇಳಿದ. ಹನ್ನೆರಡು ಕಾರ್ಡುಗಳನ್ನು ಮಂಚದ ಮೇಲೆ ಹರಡಿದ. ಚೆನ್ನಕೇಶವ ದೇವಾಲಯ, ಹೊಯ್ಸಳೇಶ್ವರ ದೇವಾಲಯದ ನಂದಿ, ಶ್ರವಣಬೆಳಗೊಳದ ಗೊಮ್ಮಟ. ಎಲ್ಲವೂ 1896ರಿಂದ 1908ರ ನಡುವಿನವು ಎಂದ. ಕೋಣೆಯಲ್ಲಿ ಮಂಕು ಬೆಳಕು. ಬೆಂಗಳೂರಿನಿಂದ ಇನ್ನೊಬ್ಬರು ಹೊರಟಿದ್ದಾರೆ ಎಂದು ಎರಡು ಸಲ ಹೇಳಿದ. ಹತ್ತು ಸಾವಿರ ಕೇಳಿದವನು ನನ್ನ ಆಲ್ಬಮ್ಮಿನ ಮೂರು ಕಾರ್ಡು ಕಂಡ ಮೇಲೆ, ಅವನ್ನು ಕೊಟ್ಟರೆ ಆರು ಸಾಕು ಎಂದ. ಕೊಟ್ಟುಬಿಟ್ಟೆ.

ಆಷಾಢದ ಮಳೆ ಹಿಡಿದಾಗ ಗುಟ್ಟು ಹೊರಬಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಮನೆಯ ಕಾಗದವೆಲ್ಲ ತೇವ ಹೀರುತ್ತದೆ. ಆಲ್ಬಮ್ ಬಿಚ್ಚಿದರೆ ಕಾಫಿ ಡಿಕಾಕ್ಷನ್ನಿನ ವಾಸನೆ! ಕಾಫಿಯ ನಡುವೆಯೇ ಬೆಳೆದವನಿಗೆ ಆ ವಾಸನೆ ತಪ್ಪುವುದಿಲ್ಲ. ಒಂದು ಕಾರ್ಡಿನ ಮೂಲೆಯನ್ನು ಉಗುರಿನಿಂದ ಸೀಳಿದೆ. ಮೇಲೆ ಕಂದು, ಒಳಗೆ ಹೊಸ ಹಾಳೆಯ ಬಿಳುಪು. ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ್ದರು.

ಆ ರಾತ್ರಿ ಒಂದೊಂದನ್ನೂ ಎತ್ತಿ ನೋಡಿದೆ. ಅಂಚೆಚೀಟಿಯ ಅಂಚಿಗೆ ಉಗುರು ಒತ್ತಿ ಎಳೆದರೆ ಎಲ್ಲಿಯೂ ತಡೆಯಲಿಲ್ಲ, ನುಣ್ಣಗೆ ಜಾರಿತು. ಚೀಟಿ, ಅದರ ಮೇಲಿನ ಮುದ್ರೆ, ಶಾಯಿಯ ಕೈಬರಹ ಮೂರೂ ಒಂದೇ ಮುದ್ರಣ. ಭೂತಗನ್ನಡಿಯಲ್ಲಿ ಕಪ್ಪುಬಿಳುಪಿನ ನಂದಿಯ ಮೈತುಂಬ ನೀಲಿ, ಗುಲಾಬಿ, ಹಳದಿ ಚುಕ್ಕೆಗಳು. ಅದು ಇಂದಿನ ಕಲರ್ ಪ್ರಿಂಟರಿನ ಗುರುತು. ಮರುದಿನ ಗೆಳೆಯನ ಜವಳಿ ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗಿಟ್ಟಾಗ, ಕಂದು ಬಣ್ಣ ತೆಳುವಾಗಿದ್ದ ಕಡೆಯಲ್ಲೆಲ್ಲ ಕಾಗದ ನೀಲಿಯಾಗಿ ಹೊಳೆಯಿತು. ಕಾಗದಕ್ಕೆ ಆ ಹೊಳಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ.

ಇಷ್ಟೆಲ್ಲ ಸಲಕರಣೆ ಇಲ್ಲದೆಯೂ ಆ ಲಾಡ್ಜಿನಲ್ಲಿಯೇ ನಾನು ಹಿಡಿಯಬಹುದಿತ್ತು ಎಂಬುದೇ ಹೊಟ್ಟೆ ಉರಿಸುತ್ತದೆ. 1896ರದು ಎಂದ ಕಾರ್ಡಿನ ಹಿಂಬದಿಯಲ್ಲಿ ನಡುಗೆರೆ ಇತ್ತು. ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ. ಹಾಗೆ ಬರೆಯಲು ಬ್ರಿಟನ್ನಿನ ಅಂಚೆ ಇಲಾಖೆ ಒಪ್ಪಿದ್ದೇ 1902ರಲ್ಲಿ. ಅದಕ್ಕೆ ಮೊದಲು ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು, ನಾಲ್ಕು ಮಾತು ಬರೆಯಬೇಕಾದರೆ ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ ತುರುಕಬೇಕಿತ್ತು. 1908ರ ತಾರೀಕಿನ ಇನ್ನೊಂದರ ಮೇಲೆ ಐದನೆಯ ಜಾರ್ಜ್ ದೊರೆಯ ಚೀಟಿ! ಆತ ಪಟ್ಟಕ್ಕೆ ಬಂದದ್ದು 1910ರಲ್ಲಿ. ಇವೆರಡೂ ನನಗೆ ಗೊತ್ತಿದ್ದ ಸಂಗತಿಗಳೇ. ಗೋಪುರದ ಚಿತ್ರ ಕಂಡ ಕೂಡಲೇ ಮನಸ್ಸು ಸೋತು, ಕಾರ್ಡನ್ನು ತಿರುಗಿಸಿ ಓದಲೇ ಇಲ್ಲ.

ನಕಲು ಎಂದು ಹೇಳಿಯೇ ಮಾರುವವರ ಮೇಲೆ ನನಗೆ ತಕರಾರಿಲ್ಲ. ಐವತ್ತು ರೂಪಾಯಿಗೆ ಕೊಟ್ಟಿದ್ದರೆ ಗೋಡೆಗೆ ಅಂಟಿಸುತ್ತಿದ್ದೆ. ಆದರೆ ಹಗಲು ಬೆಳಕಿಗೆ ಬರಲೊಪ್ಪದವರು, ಅವಸರ ಮಾಡುವವರು, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಮನೆಯ ಕಾರ್ಡನ್ನು ಬದಲಿಗೆ ಕೇಳುವವರು ಸಿಕ್ಕರೆ ಎದ್ದು ಬನ್ನಿ. ಆತನ ಫೋನು ಈಗ ಬಂದ್ ಆಗಿದೆ. ದೂರು ಕೊಟ್ಟಿದ್ದೇನೆ, ನಗದು ಕೊಟ್ಟಿದ್ದರಿಂದ ರಸೀದಿ ಇಲ್ಲ.

ಅಜ್ಜ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತ, ಆಗಿದ್ದರು. ತೋಟದ ದೊರೆ ರಜೆಗೆ ಊರಿಗೆ ಹೋಗುವಾಗ ದಾರಿಯುದ್ದಕ್ಕೂ ಅವರಿಗೆ ಕಳಿಸಿದ ಕಾರ್ಡುಗಳವು: ಏಡನ್ ಬಂದರು, ಸೂಯೆಜ್ ಕಾಲುವೆಯ ಹಡಗು, ಲಂಡನ್ನಿನ ಸೇತುವೆ. ಮೂರರ ಮೂಲೆಯಲ್ಲೂ ಅಜ್ಜ ಸೀಸದ ಕಡ್ಡಿಯಿಂದ ಸಣ್ಣಗೆ ‘ಜವಾಬು ಬರೆದಾಯಿತು’ ಎಂದು ಬರೆದಿದ್ದಾರೆ. ಅಂಥ ಕಾರ್ಡು ಯಾರಾದರೂ ನಿಮಗೆ ಮಾರಲು ತಂದರೆ, ದಯವಿಟ್ಟು ನನಗೊಂದು ಮಾತು ತಿಳಿಸಿ. ಕೇಳಿದ ಬೆಲೆ ಕೊಟ್ಟು ಬಿಡಿಸಿಕೊಳ್ಳುತ್ತೇನೆ.